ಮೊಮ್ಮಗಳ ಗಾಡಿಗೆ ಆಯಿಲ್ ಕೂಲರ್

ಗಾಡಿ ಉಳಿಯಿತು. ಮೊಮ್ಮಗಳಿಗೇ ಉಳಿಯಿತು. ಕೊಳ್ಳಲು ಬಂದಿದ್ದವರ ಎದುರಿಗೇ ನನ್ನ ಮಗ ಕೀಲಿಯನ್ನು ತನ್ನ ಮಗಳ ಕೈಗೆ ಹಾಕಿದ. ನನಗಾದ ಸಂತೋಷ ಎಷ್ಟೆಂದರೆ ಪಕ್ಕದ ಮನೆಯವರಿಗೆ ಹೇಳಿದೆ, ಬೀದಿಯಲ್ಲಿ ಸೊಪ್ಪು ಮಾರುವವಳನ್ನು ನಿಲ್ಲಿಸಿ ಹೇಳಿದೆ, ಹೇಳಲು ಇನ್ನು ಯಾರೂ ಸಿಗದಿದ್ದಾಗ ಹೆಂಡತಿಗೆ ಎರಡನೇ ಸಲ ಹೇಳಿದೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದ ಕಾಲ ಅದು. ಈಗ ಬರೆಯಲು ಕೂತರೂ ಕೈಗಿಂತ ಮನಸ್ಸು ಮುಂದೆ ಓಡುತ್ತದೆ. ಇರಲಿ, ಮೊದಲಿನಿಂದ ಹೇಳುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ ಮಾಡಿದೆ. ರಿಟೈರ್ ಆದಾಗ ಜೊತೆಯವನೊಬ್ಬನಿಂದ ಹಳೆಯ ಮುನ್ನೂರೈವತ್ತು ಸಿಸಿ ಮೋಟಾರ್ ಸೈಕಲ್ ತೆಗೆದುಕೊಂಡೆ. ನಾಲ್ಕು ವರ್ಷ ಓಡಿಸಿದೆ. ಆಮೇಲೆ ಕಣ್ಣು ಮಂಜಾಯಿತು, ಗಾಡಿ ಹಳೇ ಬೆಡ್‌ಶೀಟ್ ಹೊದ್ದು ಭದ್ರಾವತಿಯ ನಮ್ಮ ಮನೆಯ ಜಗಲಿಯ ಪಕ್ಕ ನಿಂತಿತು. ಅದನ್ನು ಎಳೆದು ಹೊರಗೆ ತಂದು, ಒದ್ದು ಸ್ಟಾರ್ಟ್ ಮಾಡಿದವಳು ಮೊಮ್ಮಗಳು. ಮೊದಲ ದಿನ ಅವಳು ಅದನ್ನು ಓಡಿಸಿಕೊಂಡು ಹೋದಾಗ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ಅವಳು ಶಾಲೆಯಲ್ಲಿ ಆಟ ಹೇಳಿಕೊಡುವ ಟೀಚರು. ಬೆಳಿಗ್ಗೆ ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಶಾಲೆ, ಮಧ್ಯಾಹ್ನ ಹೊಳೆಹೊನ್ನೂರಿನಲ್ಲಿ ಇನ್ನೊಂದು. ಎರಡೂ ಅರ್ಧರ್ಧ ಕೆಲಸ, ಸೇರಿದರೆ ಮಾತ್ರ ಒಂದು ಕೆಲಸ. ವಿದ್ಯಾನಗರ ಬಿಡುವ ಹೊತ್ತಿಗೂ ಬಸ್ಸಿಗೂ ತಾಳೆಯೇ ಆಗುತ್ತಿರಲಿಲ್ಲ. ಗಾಡಿ ಇದ್ದರೆ ಹೊಳೆಹೊನ್ನೂರು, ಇಲ್ಲದಿದ್ದರೆ ಇಲ್ಲ. ಅಲ್ಲಿ ಅವಳದೊಂದು ಖೋ ಖೋ ತಂಡ ಇತ್ತು. ಆ ಹುಡುಗಿಯರ ಸುದ್ದಿ ಹೇಳಲು ಶುರು ಮಾಡಿದರೆ ತಟ್ಟೆಯಲ್ಲಿದ್ದ ಅನ್ನ ಆರಿ ಹೋಗುತ್ತಿತ್ತು.

ಬಿಸಿಲು ಏರುತ್ತಿದ್ದಂತೆ ಗಾಡಿಗೆ ಕಾಯಿಲೆ ಶುರುವಾಯಿತು. ಹೊಳೆಹೊನ್ನೂರಿನ ದಾರಿಗೆ ಜಲ್ಲಿ ಸುರಿದಿದ್ದರು. ಎರಡನೇ ಗೇರಿನಲ್ಲೇ ಮೈಲುಗಟ್ಟಲೆ ತೆವಳಬೇಕು. ಎಂಜಿನ್ ಕಾದು ಕಾದು ಒಂದು ದಿನ ಪಿಸ್ಟನ್ ಹಿಡಿದುಕೊಂಡೇಬಿಟ್ಟಿತು. ಚಕ್ರ ಗಕ್ಕನೆ ನಿಂತು ಹುಡುಗಿ ಜಲ್ಲಿಯ ಮೇಲೆ ಬಿದ್ದಳು. ಮೊಣಕೈ ತರಚಿಸಿಕೊಂಡು, ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಮನೆಗೆ ಬಂದಳು. ನನ್ನ ಮಗ ಕೂಗಾಡುವವನಲ್ಲ. ಮೊಣಕೈಗೆ ಮುಲಾಮು ಹಚ್ಚುತ್ತಲೇ ಹೇಳಿದ:

"ರಿಪೇರಿ ಮಾಡಿಸ್ಕೋ. ಇನ್ನೊಂದು ಸಲ ಹೀಗಾದ್ರೆ ಗಾಡಿ ಮಾರ್ತೀನಿ. ಹೊಳೆಹೊನ್ನೂರಿನ ಕೆಲಸ ಬೇಡ."

ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಕೊಳ್ಳುವವರನ್ನೂ ಹುಡುಕಿ, ರಿಪೇರಿಯಾದ ಗಾಡಿ ಸೋಮವಾರ ಹೊಳೆಹೊನ್ನೂರಿಗೆ ಹೋಗಿ ಬರಲಿ, ಸಂಜೆ ಬನ್ನಿ, ಏನೆಂದು ಹೇಳುತ್ತೇನೆ ಅಂದಿದ್ದ.

ಎಂಜಿನ್ ಬಿಚ್ಚಿ ಕಟ್ಟಿದ ಮೇಸ್ತ್ರಿಯ ಅಂಗಡಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿತ್ತು. ಈ ದಾರಿ, ಈ ಬಿಸಿಲಿಗೆ ಬರೀ ರಿಪೇರಿ ಸಾಲದು, ಆಯಿಲ್ ಕೂಲರ್ ಹಾಕಿಸಿ ಅಂದ. ಕಾದ ಎಣ್ಣೆ ಎಂಜಿನ್ನಿನಿಂದ ಹೊರಗೆ ಬಂದು, ತಗಡಿನ ಜಾಲರಿಯಂಥ ಪೆಟ್ಟಿಗೆಯೊಳಗೆ ಸುತ್ತಿ, ಗಾಳಿಗೆ ಆರಿಕೊಂಡು ಮತ್ತೆ ಒಳಗೆ ಹೋಗುತ್ತದೆ, ಅಷ್ಟೇ. ಎಣ್ಣೆಯ ವಿಷಯ ಅಂದಮೇಲೆ ನಾನು ಮನೆಯಲ್ಲಿ ಕೂರುವುದುಂಟೆ? ಶನಿವಾರ ಮಧ್ಯಾಹ್ನ ಮೊಮ್ಮಗಳ ಜೊತೆ ನಾನೂ ಹೋದೆ.

ಮೇಸ್ತ್ರಿ ಮೂರು ಕೂಲರ್ ತಂದು ಬೆಂಚಿನ ಮೇಲಿಟ್ಟ. ಒಂದು ದೊಡ್ಡ ತಟ್ಟೆಯಷ್ಟಿತ್ತು. ಒಂದು ಮಧ್ಯಮ, ಸೆಕೆಂಡ್ ಹ್ಯಾಂಡು. ಇನ್ನೊಂದು ಹೊಸದು, ಅಂಗೈಗಿಂತ ಚೂರು ದೊಡ್ಡದು. ನಾನು ಸೀದಾ ದೊಡ್ಡದಕ್ಕೆ ಕೈ ಹಾಕಿದೆ. ಅದು ಬೇಡ ಅಂದ ಮೇಸ್ತ್ರಿ.

"ಮೂವತ್ತು ವರ್ಷ ಎಣ್ಣೆ ಹಾಕಿದೀನಿ ಮಾರಾಯ, ನನಗೆ ಹೇಳ್ತೀಯಾ?"

"ಅಜ್ಜಾರೆ, ನಿಮ್ಮ ಕಾರ್ಖಾನೇಲಿ ಎಣ್ಣೆ ಪಂಪು ಎಷ್ಟು ದೊಡ್ಡದಿತ್ತು?"

"ನನ್ನೆತ್ತರ ಇತ್ತು."

"ಈ ಗಾಡೀದು ನಿಮ್ಮ ಹೆಬ್ಬೆರಳಷ್ಟಿದೆ. ಅದು ಪಾಪ ಇಷ್ಟು ದೊಡ್ಡ ಮನೆ ತುಂಬಿಸೋ ಹೊತ್ತಿಗೆ ಮೇಲೆ ಎಂಜಿನ್ ಹೆಡ್ಡು ಎಣ್ಣೆ ಸಿಗದೆ ಒಣಗಿ ಹೋಗಿರುತ್ತೆ."

ಮೊಮ್ಮಗಳು ಆ ಕಡೆ ತಿರುಗಿ ನಕ್ಕಳು. ನಾನು ದೊಡ್ಡದನ್ನು ಮೆಲ್ಲಗೆ ಕೆಳಗಿಟ್ಟೆ. ಮಧ್ಯಮದ್ದು ನೋಡಲು ಚೆನ್ನಾಗಿತ್ತು, ಮೇಸ್ತ್ರಿಗೂ ಅದೇ ಮನಸ್ಸಿನಲ್ಲಿದ್ದಂತಿತ್ತು. ಅದರೊಳಗೆ ಸ್ವಲ್ಪ ಸೀಮೆಎಣ್ಣೆ ಹಾಕಿಸಿ, ಚೆನ್ನಾಗಿ ಕುಲುಕಿ, ಬಿಳಿ ಬಟ್ಟೆಯ ಮೇಲೆ ಸುರಿದೆ. ಕಪ್ಪಗೆ ಬಂತು. ಬೆರಳಿಗೆ ತೆಗೆದುಕೊಂಡು ಉಜ್ಜಿ, ಬಿಸಿಲಿಗೆ ಹಿಡಿದೆ. ಸಣ್ಣಗೆ ಮಿಣಮಿಣ ಹೊಳೆಯಿತು. ಕಬ್ಬಿಣದ ಪುಡಿ. ಎಲ್ಲೋ ಕೆಟ್ಟು ನಿಂತ ಎಂಜಿನ್ನಿನಿಂದ ಬಿಚ್ಚಿದ್ದು ಅದು. ಹಾಕಿಸಿದ್ದರೆ ಆ ಪುಡಿ ನಮ್ಮ ಎಂಜಿನ್ನಿನೊಳಗೆ ಹೋಗಿ ಮರಳಿನ ಹಾಗೆ ಅರೆಯುತ್ತಿತ್ತು. ಮೇಸ್ತ್ರಿ ಅದನ್ನು ಗುಜರಿ ರಾಶಿಗೆ ಎಸೆದು ನನಗೆ ಟೀ ತರಿಸಿದ. ಒಂದಕ್ಕೊಂದು ಸಮ ಆಯಿತು ಅಂದುಕೊಂಡೆ.

ಉಳಿದದ್ದು ಚಿಕ್ಕದು. ಬಾಯಿಟ್ಟು ಊದಿದೆ, ಗಾಳಿ ತಡೆಯಿಲ್ಲದೆ ಹೋಯಿತು. ಎಂಜಿನ್ನಿನ ಮುಂದೆ, ಗಾಳಿ ನೇರ ಬಡಿಯುವ ಜಾಗದಲ್ಲಿ ಕೂರಿಸಿದರು. ಮೊಮ್ಮಗಳು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಪೈಪು ಎಲ್ಲಿ ತಾಗುತ್ತದೆ ಎಂದು ಬಗ್ಗಿ ನೋಡಿ, ಎರಡು ಸಲ ಬಿಚ್ಚಿ ಹಾಕಿಸಿದಳು. ಕೂಲರ್ ಕುಡಿಯುವಷ್ಟು ಎಣ್ಣೆಯನ್ನು ಮೇಸ್ತ್ರಿ ಜಾಸ್ತಿ ಸುರಿದ. ಎಂಜಿನ್ ಓಡಿಸಿ ಜಾಯಿಂಟುಗಳ ಮೇಲೆ ಬೆರಳಾಡಿಸಿದೆ. ಒಂದು ಹನಿಯೂ ಇಲ್ಲ.

ಇಲ್ಲಿಯವರೆಗೂ ಎಲ್ಲ ಸರಿಯಾಗೇ ನಡೆದಿತ್ತು. ನಾನು ಎಡವಿದ್ದು ಸೋಮವಾರ ಬೆಳಿಗ್ಗೆ.

ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಪೂಜೆಯಿಲ್ಲದೆ ಯಾರೂ ಮುಟ್ಟುತ್ತಿರಲಿಲ್ಲ. ಸ್ನಾನ ಮಾಡಿ ಬಂದವನೇ ವಿಭೂತಿ ಗಟ್ಟಿ ಕಲಸಿ, ಕೂಲರ್ ಮೇಲೆ ಮೂರು ಬೆರಳಲ್ಲಿ ದಪ್ಪಗೆ ಎಳೆದೆ. ಮೇಲೆ ಎರಡು ಮೊಳ ಸೇವಂತಿಗೆ ಒತ್ತೊತ್ತಾಗಿ ಸುತ್ತಿದೆ. ಮೊಮ್ಮಗಳು ಹೊತ್ತಾಯಿತೆಂದು ಒದ್ದಾಡುತ್ತಿದ್ದಳು. ಹಿಂದೆ ನಾನೂ ಹತ್ತಿದೆ. ಸಂಜೆ ಮಗನಿಗೆ ಸಾಕ್ಷಿ ಹೇಳುವವರು ಬೇಡವೆ?

ಶಿವಮೊಗ್ಗಕ್ಕೆ ತಂಪಿನಲ್ಲಿ ತೇಲಿದ ಹಾಗೆ ಹೋದೆವು. ಅವಳ ಶಾಲೆ ಮುಗಿಯುವವರೆಗೆ ವಿದ್ಯಾನಗರದ ಮರದ ಕೆಳಗೆ ಕೂತಿದ್ದೆ. ಮಧ್ಯಾಹ್ನ ಹೊಳೆಹೊನ್ನೂರಿನ ಜಲ್ಲಿ ದಾರಿಗೆ ಬಿದ್ದು ಎರಡು ಮೈಲಿ ಹೋಗಿರಲಿಲ್ಲ, ಏನೋ ಬೆಂದ ವಾಸನೆ. ಪಕ್ಕದ ಹೊಲದಲ್ಲಿ ಕಸ ಸುಡುತ್ತಿರಬೇಕು ಅಂದುಕೊಂಡೆ. ಮೊಮ್ಮಗಳು ಒಂದು ಹೊಂಗೆ ಮರದಡಿ ತಂದು ಎಂಜಿನ್ ಆರಿಸಿಬಿಟ್ಟಳು. ಆ ಮೇಸ್ತ್ರಿ ಟೋಪಿ ಹಾಕಿದ ಎಂದು ಬಯ್ಯಲು ಬಾಯಿ ತೆರೆದೆ. ಅವಳು ಆಗಲೇ ಮುಂದೆ ಕುಕ್ಕರಗಾಲಲ್ಲಿ ಕೂತು ಕೂಲರ್ ನೋಡುತ್ತಿದ್ದಳು. ಸೇವಂತಿಗೆ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ವಿಭೂತಿ ಒಣಗಿ, ಗಾಳಿ ನುಗ್ಗಬೇಕಾದ ಸಂದಿಗಳೆಲ್ಲ ಗಾರೆ ಮೆತ್ತಿದ ಹಾಗೆ ಮುಚ್ಚಿದ್ದವು.

"ಅಜ್ಜ, ನಿಮ್ಮ ಕಾರ್ಖಾನೇಲಿ ಪೂಜೆ ಮಾಡಿದ ಯಂತ್ರ ಅವತ್ತೇ ಓಡಿಸ್ತಿದ್ರಾ?"

ನೆನೆಸಿಕೊಂಡೆ. ಓಡಿಸುತ್ತಿರಲಿಲ್ಲ. ಪೂಜೆಯ ದಿನ ಪುರಿ ಹಂಚಿ, ಸಿಹಿ ತಿಂದು ಮನೆಗೆ ಬರುತ್ತಿದ್ದೆವು. ಮಾರನೇ ದಿನ ಹೂವು ತೆಗೆದು, ಒರೆಸಿ, ಆಮೇಲೆ ಸ್ವಿಚ್ಚು. ಮೂವತ್ತು ವರ್ಷ ಒರೆಸಿದವನು ನಾನೇ.

ಹತ್ತಿರದ ಮನೆಯಿಂದ ಕಸ ಗುಡಿಸುವ ಹಿಡಿಸೂಡಿಯ ನಾಲ್ಕು ಕಡ್ಡಿ ಬೇಡಿ ತಂದೆ. ಎಂಜಿನ್ ಆರುವವರೆಗೆ ಇಬ್ಬರೂ ಕೂತು ಒಂದೊಂದೇ ಸಂದಿ ಕೆರೆದೆವು. ಅವಳ ಬಾಟಲಿ ನೀರಲ್ಲಿ ತೊಳೆದೆವು. ಶಿವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹೊಳೆಹೊನ್ನೂರಿಗೆ ಹತ್ತು ನಿಮಿಷ ತಡವಾಗಿ ಹೋದಾಗ ಖೋ ಖೋ ಹುಡುಗಿಯರು ಗೇಟಿನಲ್ಲೇ ನಿಂತಿದ್ದರು. ಅಲ್ಲಿಂದ ಭದ್ರಾವತಿಗೆ ವಾಪಸು ಬರುವಾಗ ಭತ್ತದ ಟ್ರ್ಯಾಕ್ಟರುಗಳ ಹಿಂದೆ ಅಷ್ಟೂ ದೂರ ತೆವಳಿದೆವು. ಎಂಜಿನ್ ಒಂದೇ ದನಿಯಲ್ಲಿ ಓಡಿತು. ಕೆಳಗೆ ಕೈ ಚಾಚಿ ಕಾವು ನೋಡಿಕೊಳ್ಳುತ್ತಲೇ ಇದ್ದೆ. ಬೀಳ್ತೀಯ ಅಜ್ಜ, ಸುಮ್ನೆ ಕೂತ್ಕೋ ಎಂದು ಬಯ್ಯಿಸಿಕೊಂಡೆ.

ಮನೆಯಲ್ಲಿ ಕೊಳ್ಳುವವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಮಗ ಎದ್ದು ನಿಂತು ಹೇಗಾಯಿತೆಂದು ಕೇಳಿದ. ಮೊಮ್ಮಗಳು ನನಗೆ ಕಣ್ಣು ಮಾಡಿದಳು. ಆದರೆ ಅವನು ಹೆದರಿರುವುದು ಮಗಳ ಮೈಕೈಗೆ ಪೆಟ್ಟಾದೀತೆಂದು, ಅವನ ಹತ್ತಿರ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಹೂವು, ವಿಭೂತಿ, ಹಿಡಿಸೂಡಿ ಕಡ್ಡಿ, ಎಲ್ಲ ಹೇಳಿಬಿಟ್ಟೆ. ಮಗ ನಗಲಿಲ್ಲ. ಅಂಗಳಕ್ಕಿಳಿದು ಕೂಲರನ್ನು ಬಗ್ಗಿ ನೋಡಿದ.

"ಕಾದಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದು ಮಗಳನ್ನು ಕೇಳಿದ.

"ಎಳೆಯೋದು ಕಮ್ಮಿಯಾಯ್ತು. ಕಾಲಿಗೆ ಬಿಸಿ ಬಡೀತು. ಅದು ಹಿಡ್ಕೊಳ್ಳೋ ಮುಂಚೆ ನಾನೇ ಆರಿಸಿದೆ."

"ಹೋದ ಸಲ?"

"ಹೋದ ಸಲ ಗೊತ್ತಿರ್ಲಿಲ್ಲ ಅಪ್ಪ. ಈಗ ಗೊತ್ತು."

ಮಗ, ಕೊಳ್ಳುವವರಿಗೆಂದು ಇಟ್ಟುಕೊಂಡಿದ್ದ ಎರಡನೇ ಕೀಲಿಯನ್ನು ಜೇಬಿನಿಂದ ತೆಗೆದು ಅವಳ ಕೈಗೆ ಹಾಕಿ, ಜಗಲಿಯ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ, ಗಾಡಿ ಕೊಡಲ್ಲ" ಅಂದ. ಬಂದವರು ತಪ್ಪು ತಿಳಿಯಲಿಲ್ಲ. ಆ ಚಿಕ್ಕ ಕೂಲರ್ ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದರು. ಅವರನ್ನೂ ಊಟಕ್ಕೆ ಎಬ್ಬಿಸಿದೆವು.

ಸೊಸೆ ಒತ್ತು ಶ್ಯಾವಿಗೆಗೆ ಹಿಟ್ಟು ಬೇಯಿಸಿಟ್ಟಿದ್ದಳು. ಮಗ ಪಂಚೆ ಎತ್ತಿ ಕಟ್ಟಿ ಶ್ಯಾವಿಗೆ ಒರಳಿನ ಹಿಡಿ ಒತ್ತಿದ, ನನ್ನ ಹೆಂಡತಿ ಕೆಳಗೆ ಎಲೆ ಹಿಡಿದು ಬಿಸಿ ಬಿಸಿ ಎಳೆಗಳನ್ನು ಸುತ್ತಿಸಿಕೊಂಡಳು, ಮೊಮ್ಮಗಳು ಕಾಯಿಹಾಲು ಬಡಿಸಿದಳು. ನನ್ನ ಕೈ ಎಣ್ಣೆ ವಾಸನೆ ಬರುತ್ತಿದೆಯೆಂದು ಎರಡು ಸಲ ತೊಳೆಸಿದರು. ಆಮೇಲೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ಮಗ ತನ್ನ ಎಲೆಯ ಶ್ಯಾವಿಗೆಯಲ್ಲಿ ಅರ್ಧ ತೆಗೆದು ಮಗಳ ಎಲೆಗೆ ಹಾಕಿ, ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯ ಎಂದು ಕೇಳಿದ. ಏಳಕ್ಕೆ ಅಂದಳು ಅವಳು, ಬಾಯಿ ತುಂಬ ಶ್ಯಾವಿಗೆ ಇಟ್ಟುಕೊಂಡು.