ಕೂಸು ಬಾರದ ದಿನದ ಕೂಲಿ

2007ರ ಫೆಬ್ರವರಿ 12, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮಂಗಳವ್ವ ಒಂದು ಲೀಟರ್ ಹಾಲನ್ನು ಬಟ್ಟೆಯಲ್ಲಿ ಸೋಸಿ, ಅಷ್ಟೇ ನೀರು ಬೆರೆಸಿ ಒಲೆಯ ಮೇಲೆ ಇಡುತ್ತಿದ್ದಳು. ಅವಳು ನೋಡಿಕೊಳ್ಳುವ ಒಂಬತ್ತು ಕೂಸುಗಳಲ್ಲಿ ಎಂಟು ಆಗಲೇ ಬಂದಿದ್ದವು. ಒಂಬತ್ತನೆಯದನ್ನು ಕಂಕುಳಲ್ಲಿ ಎತ್ತಿಕೊಂಡು ಸುನಿತಾ ಓಡುವ ಹೆಜ್ಜೆಯಲ್ಲಿ ಬಂದಳು. ಮಧುವಿಗೆ ಒಂದೂವರೆ ವರ್ಷ. ತಲೆಗೆ ಕಿವಿ ಮುಚ್ಚುವ ಕುಲಾವಿ ಕಟ್ಟಿದ್ದಳು.

"ಶಿವರಾತ್ರಿ ಹತ್ರ ಬಂತು, ಬಿಸಲು ಏರಾಕತ್ತೈತಿ. ಇಂಥಾದ್ರಾಗ ಕುಲಾವಿ ಕಟ್ಟೀಯಲ್ಲ, ಕೂಸನ್ನ ಬೇಯಸ್ತಿ ಏನು?" ಎಂದಳು ಮಂಗಳವ್ವ.

"ಮುಂಜಾನಿ ಗಾಳಿ ಐತ್ರೀ ಅಕ್ಕಾರ. ಇರ್ಲಿ ಬಿಡ್ರಿ, ತಗೀಬ್ಯಾಡ್ರಿ. ಕಿವಿಗೆ ಗಾಳಿ ಹೊಕ್ರ ರಾತ್ರಿಯೆಲ್ಲಾ ಅಳ್ತಾನ."

ಸುನಿತಾ ಬಂದಷ್ಟೇ ಬೇಗ ಹೋದಳು. ಮಧುವಿನ ಕಣ್ಣುಗಳು ಕೆಂಪಾಗಿದ್ದವು, ಮೂಗು ಸೋರುತ್ತಿತ್ತು, ನಡುನಡುವೆ ಕೆಮ್ಮುತ್ತಿದ್ದ. ಮಂಗಳವ್ವ ಅದನ್ನು ನೋಡಿದಳು, ನೋಡಿ ಬಿಟ್ಟಳು. ಬ್ಯಾಡಗಿಯಲ್ಲಿ ಫೆಬ್ರವರಿ ತಿಂಗಳಲ್ಲಿ ಕಣ್ಣು ಕೆಂಪಾಗದವರು, ಕೆಮ್ಮದವರು ಯಾರಿದ್ದಾರೆ? ಗಾಳಿಯಲ್ಲೇ ಖಾರ ಇರುತ್ತದೆ. ಬಸ್ಸಿನಿಂದ ಇಳಿದವನು ಮೊದಲು ಸೀನುತ್ತಾನೆ, ಆಮೇಲೆ ವಿಳಾಸ ಕೇಳುತ್ತಾನೆ.

ಮಂಗಳವ್ವ ಹುಟ್ಟಿದ್ದು ಕರ್ಜಗಿಯಲ್ಲಿ. ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಂಡನ ಹಿಂದೆ ಬ್ಯಾಡಗಿಗೆ ಬಂದಳು. ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಹನ್ನೆರಡು ಸೀಜನ್ ಗೋದಾಮಿನ ನೆಲದ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದಳು. ಹದಿಮೂರನೆಯದಕ್ಕೆ ಎದೆ ಸೊಂಯ್‌ಗುಟ್ಟತೊಡಗಿತು. ರಾಣೆಬೆನ್ನೂರಿನ ಡಾಕ್ಟರು ಬೆನ್ನಿಗೆ ಕಿವಿಗೊಳವೆ ಇಟ್ಟು ಕೇಳಿ, "ಇನ್ನೊಂದು ಸೀಜನ್ ಆ ಧೂಳಿನಾಗ ಕುಂತ್ರ ನನ್ನ ಕಡೆ ಬರಬ್ಯಾಡ" ಎಂದರು. ಹೀಗೆ 2004ರಲ್ಲಿ ಅವಳು ತೊಟ್ಟು ಬಿಡಿಸುವ ಹೆಂಗಸರ ಕೂಸುಗಳನ್ನು ನೋಡಿಕೊಳ್ಳಲು ಶುರುಮಾಡಿದಳು. ಗಂಡ ಕಟ್ಟಿಸಿದ ಎರಡು ಖೋಲಿಯ ಮನೆ ಇತ್ತು, ತೊಲೆಗೆ ಸೀರೆಯ ಜೋಳಿಗೆ ಕಟ್ಟಿದರೆ ತೊಟ್ಟಿಲಾಯಿತು.

ಕೂಸಿಗೆ ದಿನಕ್ಕೆ ಐದು ರೂಪಾಯಿ. ಬಂದರೆ ಐದು, ಬರದಿದ್ದರೆ ಇಲ್ಲ. ಒಂಬತ್ತೂ ಬಂದ ದಿನ ನಲವತ್ತೈದು. ಹಾಲಿಗೆ ಹನ್ನೆರಡು, ಕಟ್ಟಿಗೆಗೆ ಒಂದೂವರೆ ಹೋಗಿ ಕೈಯಲ್ಲಿ ಮೂವತ್ತೊಂದೂವರೆ ಉಳಿಯುತ್ತಿತ್ತು. ಆದರೆ ಒಂಬತ್ತೂ ಬರುವ ದಿನಗಳು ಕಡಿಮೆ. ಒಂದಕ್ಕೆ ನೆಗಡಿ, ಒಂದರ ಅಜ್ಜಿ ಊರಿಂದ ಬಂದಿದ್ದಾಳೆ, ಇನ್ನೊಂದರ ತಾಯಿ ಸಂಬಂಧಿಕರ ಮದುವೆಗೆ ಹೋಗಿದ್ದಾಳೆ. ನಾಲ್ಕೇ ಬಂದ ದಿನ ಆರೂವರೆ ರೂಪಾಯಿ ಉಳಿಯುತ್ತಿತ್ತು. ಹಾಲಿನವನಿಗೆ ತಿಂಗಳಿಗೆ ಹೇಳಿಟ್ಟ ಹಾಲು, ಅವನು ಕೂಸುಗಳನ್ನು ಎಣಿಸಿ ಅಳೆಯುವುದಿಲ್ಲ. ಮತ್ತು ನಾಲ್ಕು ಕೂಸುಗಳನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಲು ಆಗುವುದಿಲ್ಲ, ಒಂಬತ್ತನ್ನು ಬಿಟ್ಟು ಹೋಗಲು ಆಗದ ಹಾಗೆಯೇ.

ಹೊಸ ಲೆಕ್ಕ ಅವಳಿಗೆ ಹೊಳೆದದ್ದು ದಿವಾನಜಿ ಫಕ್ಕೀರೇಶನಿಂದ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. 2006ರ ಕೊನೆಯಲ್ಲಿ ಯಾವುದೋ ಕಾರಣಕ್ಕೆ ಬಜಾರ ನಾಲ್ಕು ದಿನ ಬಂದ್ ಆಗಿತ್ತು. ಫಕ್ಕೀರೇಶ ಕಟ್ಟೆಯ ಮೇಲೆ ಆರಾಮಾಗಿ ಕೂತು ಚುರಮುರಿ ತಿನ್ನುತ್ತಿದ್ದ.

"ಬಜಾರ ಬಂದ್ ಇದ್ರೂ ನಿಮಗ ಪಗಾರ ಬರ್ತೈತೇನ್ರೀ ದಿವಾನಜಿ?"

"ಬರದ ಏನು? ನಂದು ತಿಂಗಳ ಪಗಾರ ಮಂಗಳವ್ವ, ದಿನದ್ದಲ್ಲ. ಬಾಗಿಲಾ ತಗದ್ರೂ ಅಷ್ಟ, ಹಾಕಿದ್ರೂ ಅಷ್ಟ. ಜ್ವರ ಬಂದು ಮಲಗಿದ್ರೂ ಸಾವಕಾರ ಹಿಡಿಯಂಗಿಲ್ಲ."

ಮಂಗಳವ್ವ ಇದನ್ನು ಹದಿನೈದು ದಿನ ತಲೆಯಲ್ಲಿ ತಿರುವಿದಳು. ಜನವರಿಯ ಮೊದಲ ಭಾನುವಾರ ಸಂಜೆ ತಾಯಂದಿರನ್ನೆಲ್ಲ ಮನೆಯ ಮುಂದೆ ಕೂಡಿಸಿದಳು.

"ಇನ್ನ ಮ್ಯಾಲ ದಿನದ ಲೆಕ್ಕ ಇಲ್ಲ. ವಾರಕ್ಕ ಮೂವತ್ತು. ಕೂಸು ಬರಲಿ, ಬಿಡಲಿ. ಬಜಾರ ಬಂದ್ ಇದ್ದ ದಿನಕ್ಕ ಅರ್ಧ. ನಾನ ಮಲಗಿದ್ರ ಅವತ್ತಿಂದು ಬ್ಯಾಡ."

ಸಕೀನಾಬಿ ನಕ್ಕಳು. ಅವಳ ಮಡಿಲಲ್ಲಿ ಏಳು ತಿಂಗಳ ಜೈಬುನ್ ಸೆರಗು ಚೀಪುತ್ತಿತ್ತು. "ಅಕ್ಕಾ, ನನ್ನ ಕೂಸು ಮನಿಯಾಗ ಮಲಗಿದ್ರ ನೀ ಇಲ್ಲಿ ಕುಂತು ಖಾಲಿ ಜೋಳಿಗಿ ತೂಗತೀ ಏನು?"

"ತೂಗೂದಿಲ್ಲವಾ. ಆದ್ರ ಹಾಲಿನಾಂವ ಬಂದು ಹಾಲು ಹಾಕಿ ಹೋಗ್ತಾನ. ಅವಗ ನೀ ಕೊಡ್ತಿ ಏನು ರೊಕ್ಕಾ?"

"ನೀನೂ ದಿವಾನಜಿ ಆಗಿಬಿಟ್ಟಿ ನೋಡು," ಎಂದಳು ಪ್ರೇಮವ್ವ, ಅವಳಿ ಮಕ್ಕಳ ತಾಯಿ. "ಕಿವಿಗೊಂದು ಪೆನ್ ಸಿಗಿಸ್ಕೊ, ಆತು."

ಎಲ್ಲರೂ ನಕ್ಕರು. ಒಪ್ಪಿದ ಮೊದಲನೆಯವಳು ಸುನಿತಾ. ಕಾಗಿನೆಲೆ ಕಡೆಯಿಂದ ಗಂಡನ ಜೊತೆ ದುಡಿಯಲು ಬಂದವಳು, ಮನೆಯಲ್ಲಿ ಹಿರಿಯರು ಇಲ್ಲ. "ನನಗ ಒಪ್ಪಿಗಿ ಐತ್ರೀ ಅಕ್ಕಾರ," ಎಂದು ತಲೆ ತಗ್ಗಿಸಿಯೇ ಹೇಳಿದಳು. ಅವಳು ಒಪ್ಪಿದ ಮೇಲೆ ಉಳಿದವರೂ ಗೊಣಗುತ್ತ ಒಪ್ಪಿದರು.

ಸಂಕ್ರಾಂತಿಗೆ ಬಜಾರ ಬಂದ್ ಇತ್ತು. ಕೆಲಸ ಮಾಡದ ದಿನಕ್ಕೆ ಮಂಗಳವ್ವನ ಕೈಗೆ ದುಡ್ಡು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಇಪ್ಪತ್ತೆರಡೂವರೆ ರೂಪಾಯಿ. ಅದರಲ್ಲಿ ಐದು ರೂಪಾಯಿಯ ಕುಸುರೆಳ್ಳು ತಂದು ಒಂಬತ್ತು ಕೂಸುಗಳ ಬಾಯಿಗೂ ಒಂದೊಂದು ಚಿಟಿಕೆ ಹಾಕಿದಳು.

ಇನ್ನೊಂದು ಬದಲಾವಣೆಯೂ ಕಂಡಿತು. ಮೊದಲು ದಿನಕ್ಕೆ ಐದೋ ಆರೋ ಬರುತ್ತಿದ್ದ ಕೂಸುಗಳು ಈಗ ಒಂಬತ್ತೂ ಬರತೊಡಗಿದವು. ನೆಗಡಿಯಾದದ್ದು, ಹೊಟ್ಟೆ ಕೆಟ್ಟದ್ದು, ರಾತ್ರಿಯೆಲ್ಲ ಅತ್ತದ್ದು, ಎಲ್ಲವೂ ಬಂದವು. ತನ್ನ ಮೇಲೆ ತಾಯಂದಿರಿಗೆ ನಂಬಿಕೆ ಹೆಚ್ಚಿದೆ ಎಂದುಕೊಂಡಳು ಮಂಗಳವ್ವ. ಆ ತಿಂಗಳು ಅವಳು ಮಾಡಿದ ದೊಡ್ಡ ತಪ್ಪು ಇದೇ. ಅಂಕಿ ಸರಿಯಾಗಿತ್ತು, ಅವಳು ಅದಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು.

ಫೆಬ್ರವರಿ 12ರಂದು ಹನ್ನೊಂದೂಕಾಲಿಗೆ ಮಧು ಜೋಳಿಗೆಯಲ್ಲಿ ನರಳತೊಡಗಿದ. ಮುಟ್ಟಿದರೆ ಮೈ ಸುಡುತ್ತಿತ್ತು, ಕುಲಾವಿ ಬೆವರಿನಿಂದ ಒದ್ದೆಯಾಗಿತ್ತು. ಮಂಗಳವ್ವ ಗಂಟು ಬಿಚ್ಚಿದಳು. ಎರಡೂ ಕಿವಿಗಳ ಹಿಂದೆ ಕೆಂಪು ಗುಳ್ಳೆಗಳು ಒತ್ತಾಗಿ ಎದ್ದು ಕುತ್ತಿಗೆಗೆ ಇಳಿದಿದ್ದವು. ಪಕ್ಕದ ಜೋಳಿಗೆಯಲ್ಲಿ, ಒಂದು ಮೊಳ ದೂರದಲ್ಲಿ, ಜೈಬುನ್ ಮಲಗಿತ್ತು.

ಪಕ್ಕದ ಮನೆಯ ಮಹಮೂದಾಬೇಗಂಳನ್ನು ಕೂಸುಗಳ ಹತ್ತಿರ ಕೂಡಿಸಿ, ಮಧುವನ್ನು ಎತ್ತಿಕೊಂಡು ಗೋದಾಮಿಗೆ ಹೋದಳು. ಒಳಗೆ ಹೋಗಲಿಲ್ಲ. ಅಮ್ಮ ಬಂದ ಮೈಯನ್ನು ಖಾರದ ಘಾಟಿಗೆ ಒಯ್ಯಬಾರದು ಎನ್ನುವುದು ಅಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು. ಬಾಗಿಲಲ್ಲೇ ಕೆಮ್ಮುತ್ತ ನಿಂತು ಹೇಳಿಕಳಿಸಿದಳು. ಸುನಿತಾ ಹೊರಗೆ ಬಂದಳು. ಬಿಚ್ಚಿದ ಕುಲಾವಿ ಕಂಡಾಕ್ಷಣ ನಿಂತುಬಿಟ್ಟಳು.

"ನಿನಗ ಗೊತ್ತಿತ್ತು."

"ರಾತ್ರಿ ನೋಡೇನ್ರಿ. ಕಿವಿ ಹಿಂದ ಎರಡೋ ಮೂರೋ ಇದ್ವು."

"ಗೊತ್ತಿದ್ದೂ ತಂದು ಎಂಟು ಕೂಸಿನ ನಡುವ ಹಾಕಿ ಹೋದಿ?"

ಸುನಿತಾಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಆಗಲಿಲ್ಲ, ಬೆರಳುಗಳ ತುಂಬ ಖಾರ ಇತ್ತು. "ಮನಿಯಾಗ ಕುಂತ್ರ ನನ್ನ ದಿನದ ಅರವತ್ತು ಹೋಗ್ತಾವ್ರಿ. ಅದರ ಮ್ಯಾಲ ನಿಮ್ಮ ಐದು ಕೊಡಬೇಕು. ನೀವ ಹೇಳಿದ್ರಲ್ಲ, ಬರಲಿ ಬಿಡಲಿ ಅಂತ. ಹೆಂಗೂ ಕೊಡಾಕ ಬೇಕು, ಮತ್ತ ಬಿಡೋದ್ಯಾಕ ಅಂತ ತಂದೆ."

"ನಾ ಕೇಳಿದ್ದು ರೊಕ್ಕಾ ಸುನಿತಾ. ಬ್ಯಾನಿ ಕೇಳಿದ್ದಿಲ್ಲ."

"ನಿಮಗಾದ್ರ ಎಂಟು ಮನಿಯಿಂದ ಬರ್ತೈತ್ರಿ. ನನಗ ಒಂದ ಕಡೆಯಿಂದ," ಎಂದಳು ಸುನಿತಾ. ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡು ಮನೆಗೆ ಹೋದಳು.

ಮಂಗಳವ್ವ ನಿಂತಲ್ಲೇ ನಿಂತಳು. ಹುಡುಗಿ ಹೇಳಿದ್ದರಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಫಕ್ಕೀರೇಶ ಮಲಗಿದ ದಿನದ ಪಗಾರ ಸಾಹುಕಾರನ ಗಲ್ಲಾದಿಂದ ಬರುತ್ತಿತ್ತು. ತನ್ನದು, ಬಿಡಿಸಿದಷ್ಟು ಕಿಲೋಗೇ ಕೂಲಿ ಸಿಗುವ ಸುನಿತಾಳ ಬೆರಳಿನಿಂದ ಬರಬೇಕಾಗಿತ್ತು.

ಅಂದು ಸಂಜೆ ತಾಯಂದಿರು ಬಂದಾಗ ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಇವತ್ತಿನಿಂದ ಜ್ವರ ಬಂದ ಕೂಸಿಗೆ ರೊಕ್ಕಾ ಬ್ಯಾಡ. ಮನಿಯಾಗ ಇಟ್ಕೊರ್ರಿ. ಎಷ್ಟು ದಿವಸಾದ್ರೂ ಆಗಲಿ."

"ಏನಕ್ಕಾ, ಲಾಟರಿ ಹತ್ತೇತೇನು?" ಎಂದಳು ಸಕೀನಾಬಿ.

ಮಂಗಳವ್ವ ನಕ್ಕಳು. ಕಾರಣ ಹೇಳಲಿಲ್ಲ. ಮಧು ಎಲ್ಲಿ ಎಂದು ಪ್ರೇಮವ್ವ ಕೇಳಿದ್ದಕ್ಕೆ, ಸುನಿತಾಗೆ ಇವತ್ತು ಲಗೂ ಕೆಲಸ ಮುಗೀತಂತ ಎಂದಳು. ಗುಳ್ಳೆಯ ಸುದ್ದಿ ಹೇಳಿದರೆ ಮರುದಿನ ಒಂದು ಕೂಸೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೀಜನ್ ಮುಗಿಯಲು ಇನ್ನೂ ಹತ್ತು ವಾರ ಇತ್ತು. ಆ ಹತ್ತು ವಾರದ ದುಡ್ಡು ಬರದಿದ್ದರೆ ತಾನು ಮತ್ತೆ ಗೋದಾಮಿನ ನೆಲಕ್ಕೆ, ಆ ಧೂಳಿಗೆ. ರಾತ್ರಿ ಜೋಳಿಗೆಗಳನ್ನೆಲ್ಲ ಬಿಚ್ಚಿ ಬಿಸಿನೀರಿನಲ್ಲಿ ಕುದಿಸಿದಳು, ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದಳು. ಇಷ್ಟು ಮಾಡಿದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು.

ಹತ್ತನೇ ದಿನ, 22ರ ಗುರುವಾರ, ಜೈಬುನ್‌ಗೆ ಜ್ವರ ಬಂತು. ಮರುದಿನ ಪ್ರೇಮವ್ವನ ಅವಳಿಗಳಿಗೆ. ಸೋಮವಾರದ ಹೊತ್ತಿಗೆ ಐದು ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಐದು ತಾಯಂದಿರು ತೊಟ್ಟು ಬಿಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತರು. ದೊಡ್ಡ ಕೂಸುಗಳು ವಾರದಲ್ಲಿ ಎದ್ದು ಆಡತೊಡಗಿದವು. ಮಧು ಅವುಗಳಿಗಿಂತ ಮೊದಲೇ ಚೇತರಿಸಿಕೊಂಡಿದ್ದ. ಜೈಬುನ್‌ಗೆ ಮಾತ್ರ ಉಸಿರು ಎಳೆಯತೊಡಗಿತು. ಹಾವೇರಿಯ ಆಸ್ಪತ್ರೆಗೆ ಒಯ್ದರು. ದಡಾರ, ಅದು ಎದೆಗೆ ಇಳಿದಿದೆ ಎಂದರು. ನರ್ಸಮ್ಮ ಕಾರ್ಡು ನೋಡಿ ಕೇಳಿದಳು, ಒಂಬತ್ತು ತಿಂಗಳಿಗೆ ಹಾಕುವ ಸೂಜಿ ಹಾಕಿಸಿಲ್ಲವೇ ಎಂದು. ಒಂಬತ್ತು ತುಂಬಲು ಇನ್ನೂ ಹನ್ನೊಂದು ದಿನ ಇತ್ತು. ಪಕ್ಕದ ಕೂಸಿಗೆ ಎದ್ದದ್ದು ಗೊತ್ತಾದ ಕೂಡಲೇ ಕರೆತಂದಿದ್ದರೆ, ಮೊದಲೇ ಹಾಕಿ ನೋಡಬಹುದಿತ್ತು ಎಂದಳು ನರ್ಸಮ್ಮ.

ಮಾರ್ಚ್ 3, ಶನಿವಾರ, ಜೈಬುನ್ ತೀರಿಕೊಂಡಿತು.

ಎಂಟನೇ ದಿನ ಸಕೀನಾಬಿ ಮಂಗಳವ್ವನ ಮನೆಗೆ ಬಂದಳು. ಒಳಗೆ ಬರಲಿಲ್ಲ. "ಕುಂದ್ರು ಬಾ ಸಕೀನಾ" ಎಂದರೂ ಕೂರಲಿಲ್ಲ.

"ಸುನಿತಾ ಎಲ್ಲಾ ಹೇಳಿದ್ಳು. ಅವತ್ತ ಸಂಜೀಕ ನೀ ಯಾಕ ರೊಕ್ಕಾ ಬ್ಯಾಡ ಅಂದಿ ಅಂತ ಈಗ ತಿಳೀತು. ನಾ ಮೂರ್ಖಿ, ಲಾಟರಿ ಅಂದೆ."

"ಸಕೀನಾ, ನಾ..."

"ನೀ ದರಾ ಬದಲಿ ಮಾಡಿದಿ. ಬಾಯಿ ತಗದು ಒಂದು ಮಾತು ಹೇಳಲಿಲ್ಲ." ಸೆರಗಿನ ಗಂಟು ಬಿಚ್ಚಿ ಹೊಸ್ತಿಲ ಮೇಲೆ ದುಡ್ಡು ಇಟ್ಟಳು. "ಆ ಗುರುವಾರದಿಂದ ಶನಿವಾರದ ತನಕ, ಐತವಾರ ಬಿಟ್ಟು ನನ್ನ ಕೂಸು ಬರದ ಒಂಬತ್ತು ದಿವಸ. ನಲವತ್ತೈದು ಅದಾವ, ಎಣಿಸ್ಕೊ. ನಿನ್ನ ಸವಲತ್ತು ನನಗ ಬ್ಯಾಡ."

ಮಂಗಳವ್ವ ಎಣಿಸಲಿಲ್ಲ. ಆ ದುಡ್ಡನ್ನು ಮುಟ್ಟಲೂ ಇಲ್ಲ. ಸಂಜೆ ಮಹಮೂದಾಬೇಗಂ ಅದನ್ನು ಎತ್ತಿ ಮಸೀದಿಯ ಡಬ್ಬಿಗೆ ಹಾಕಿ ಬಂದಳು.

ಆ ವಾರ ಮೂರು ಕೂಸು ಬಂದವು, ಮುಂದಿನ ವಾರ ಒಂದು. ಯುಗಾದಿಯ ಹಿಂದಿನ ದಿನ ಅವಳೇ ಆ ಒಂದನ್ನೂ ವಾಪಸು ಕಳಿಸಿ, ತೊಲೆಯ ಹಗ್ಗಗಳನ್ನು ಬಿಚ್ಚಿದಳು. ಹಾಲಿನವನಿಗೆ ಬರಬೇಡ ಎಂದಳು. ಸುನಿತಾ ಗಂಡನ ಜೊತೆ ಕಾಗಿನೆಲೆ ಕಡೆಗೆ ಹೋದವಳು ತಿರುಗಿ ಬರಲಿಲ್ಲ. ಯಾರ ಬಾಯಿಂದ ಏನು ಅನ್ನಿಸಿಕೊಂಡು ಹೋದಳೋ, ಅದನ್ನು ಮಂಗಳವ್ವ ಯಾರನ್ನೂ ವಿಚಾರಿಸಲಿಲ್ಲ.

ಮುಂದಿನ ಸೀಜನ್‌ಗೆ, 2008ರ ಜನವರಿಯಲ್ಲಿ, ಅವಳು ಮತ್ತೆ ಗೋದಾಮಿನ ನೆಲದ ಮೇಲೆ ಕೂತಳು. ಗಾಳಿ ಆಡಲಿ ಎಂದು ಬಾಗಿಲ ಪಕ್ಕದಲ್ಲಿ ಜಾಗ ಕೊಟ್ಟಿದ್ದರು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಉಳಿದವರು ಮೂರು ಬುಟ್ಟಿ ಮುಗಿಸುವಷ್ಟರಲ್ಲಿ ಅವಳದು ಒಂದೂವರೆಯೂ ಆಗುತ್ತಿರಲಿಲ್ಲ. ಅದೇ ರಾಶಿಯ ಆ ಕಡೆ ಸಕೀನಾಬಿ ಕೂರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ.

ಕೂಸುಗಳನ್ನು ಈಗ ಮಹಮೂದಾಬೇಗಂ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಊಟ ಮುಗಿದ ಹೊತ್ತಿನಲ್ಲಿ ಅವಳು ಮಂಗಳವ್ವನನ್ನು ಹುಡುಕಿಕೊಂಡು ಬಂದಳು.

"ಅಕ್ಕಾ, ನನ್ನ ಕಡೆನೂ ಒಂಬತ್ತು ಕೂಸು ಆಗ್ಯಾವ. ಒಂದು ದಿನ ಬಂದ್ರ ಒಂದು ದಿನ ಇಲ್ಲ. ಹಾಲು ಮಾತ್ರ ದಿನಾ ಬರ್ತೈತಿ, ನಿನ್ನ ಹಾಲಿನಾಂವನ, ಅದ ರೇಟು. ಬರದ ಕೂಸಿಗೆ ಎಷ್ಟು ತಗೊಳ್ಲಿ?"

"ಹಾಲಿಂದು, ಕಟ್ಟಿಗಿಂದು ಅದರ ಪಾಲಿಗೆ ಬರೋದಷ್ಟ ತಗೋ. ನಿನ್ನ ಕೂಲಿ ಅದರಾಗ ಸೇರಸಬ್ಯಾಡ."

"ಕೂಲಿ ಸೇರಸಲಿಲ್ಲ ಅಂದ್ರ ನಾ ಏನು ತಿನ್ನಲಿ?"

ಮಂಗಳವ್ವ ಇನ್ನೊಂದು ಕಾಯಿಯ ತೊಟ್ಟು ಮುರಿದಳು. ರಾಶಿಯ ಆ ಕಡೆ ಸಕೀನಾಬಿ ತೊಟ್ಟು ಮುರಿಯುವ ಸದ್ದು ನಿಂತಿತ್ತು.

"ಹೋಗ್ಲಿ, ಎಷ್ಟಾಗ್ತೈತಿ ಅದನ್ನಾರ ಹೇಳು. ನನಗ ಭಾಗಾಕಾರ ಬರಂಗಿಲ್ಲ."

ಮಂಗಳವ್ವ ಬಾಯಿಯ ಬಟ್ಟೆಯನ್ನು ಕೆಳಗೆ ಎಳೆದಳು. ಕೆಮ್ಮು ಇಳಿಯುವವರೆಗೆ ಕಾದಳು. ಆಮೇಲೆ, ರಾಶಿಯ ಆ ಕಡೆ ಕೂತವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಹದಿಮೂರೂವರಿಗೆ ಒಂಬತ್ತು ಪಾಲು. ಒಂದೂವರಿ ರೂಪಾಯಿ."