ವಾದಪುಸ್ತಕಗಳ ಹಾಳೆ ಜೋಡಿಸಿದವರು

ಧರ್ಮ ಮತ್ತು ತತ್ತ್ವಶಾಸ್ತ್ರಗಳ ಅಧ್ಯಯನಕ್ಕೆಂದೇ ಸ್ಥಾಪನೆಯಾದ ನಮ್ಮ ಹಳೆಯ ವಿಶ್ವವಿದ್ಯಾಲಯದ ಚರಿತ್ರೆಯನ್ನು ಬರೆದ ವಿದ್ವಾಂಸರು ಹಲವರಿದ್ದಾರೆ. ಅವರೆಲ್ಲ ಯಾರ ಕೈಯಿಂದ ಹಾಳೆಗಳನ್ನು ಪಡೆದು ಓದಿದರೋ, ಆ ದಾಖಲೆ ಕೊಠಡಿಯ ಬೈಂಡರ್ ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಏನೇ ಇರಲಿ, ಕುಲಪತಿಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಗೋಂದಣ್ಣ.

ಅವರು ಕೆಲಸಕ್ಕೆ ಸೇರಿದಾಗ ವಿಶ್ವವಿದ್ಯಾಲಯದ ಆರಂಭಕಾಲದ ನಲವತ್ತು ವಾದಪುಸ್ತಕಗಳು ಹೊಲಿಗೆ ಬಿಚ್ಚಿಕೊಂಡು ಬಿದ್ದಿದ್ದವು. ಆ ಕಾಲದಲ್ಲಿ ಎಲ್ಲ ಮತಗಳ ಗುರುಗಳೂ ಒಂದೇ ಸಭಾಂಗಣದಲ್ಲಿ ಕುಳಿತು ವಾದಿಸುತ್ತಿದ್ದರು. ಲಿಪಿಕಾರ ಒಬ್ಬೊಬ್ಬರ ಮಾತಿಗೂ ಹೊಸ ಹಾಳೆ ತೆಗೆಯುತ್ತಿದ್ದ. ಹಾಳೆಗಳಿಗೆ ಸಂಖ್ಯೆಯಿರಲಿಲ್ಲ, ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದಕ್ಕೆ ಜೋಡಿಸಿಟ್ಟ ಕ್ರಮವೊಂದೇ ಆಧಾರ. ಇಪ್ಪತ್ತನಾಲ್ಕರ ಹರೆಯದ ಗೋಂದಣ್ಣನವರು, ಓದುವವರಿಗೆ ಅನುಕೂಲವಾಗಲೆಂದು, ಒಂದೊಂದು ಮತದ ಹಾಳೆಗಳನ್ನು ಬೇರೆಬೇರೆಯಾಗಿ ಆರಿಸಿ, ಅಚ್ಚುಕಟ್ಟಾಗಿ ಹೊಲಿದು, ಮತಕ್ಕೊಂದು ಬಣ್ಣದ ರಟ್ಟು ಹಾಕಿದರು. ಅಂದಿನ ನಿರ್ದೇಶಕರು ಬೆನ್ನು ತಟ್ಟಿದರು.

ಈ ಬಣ್ಣದ ಕಟ್ಟುಗಳನ್ನೇ ಆಧರಿಸಿ ಹತ್ತು ವರ್ಷಗಳ ನಂತರ ಪ್ರಕಟವಾದ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ, ಸ್ಥಾಪಕ ಗುರುಗಳು ತಂತಮ್ಮವರಿಗಷ್ಟೇ ಪಾಠ ಹೇಳಿದರು, ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸಿದ ಕುರುಹಿಲ್ಲ ಎಂದು ಅಚ್ಚಾಯಿತು. ಆ ಸಾಲನ್ನೇ ಮುಂದಿಟ್ಟುಕೊಂಡು ಸಭಾಂಗಣದ ನಡುವೆ ಗೋಡೆಗಳನ್ನು ಎಬ್ಬಿಸಿ, ವಿಭಾಗಕ್ಕೊಂದು ಬಾಗಿಲು ಇಟ್ಟರು. ಗಾರೆಯವರ ಕೆಲಸವನ್ನು ನಿಂತು ನೋಡಿ ಬಂದ ದಿನ ಗಂಡನಿಗೆ ಅನ್ನ ಸೇರಲಿಲ್ಲವೆಂದು ಅವರ ಪತ್ನಿ ಇಂದಿಗೂ ನೆನೆಯುತ್ತಾರೆ. ತಪ್ಪನ್ನು ಹೇಳಿಕೊಳ್ಳಲು ಅವರಿಗೆ ಧೈರ್ಯ ಬರಲಿಲ್ಲ. ಮೊದಲು ಸಾಕ್ಷಿ ಸಿಗಲಿ ಎಂದುಕೊಂಡರು.

ಸಾಕ್ಷಿ ಒದಗಿಸಿದ್ದು ಪುಸ್ತಕದ ಹುಳು. ಹಳೆಯ ಕ್ರಮದಲ್ಲಿದ್ದಾಗಲೇ ಅದು ಹಾಳೆಯಿಂದ ಹಾಳೆಗೆ ಕೊರೆದುಕೊಂಡು ಹೋಗಿತ್ತು. ಕಿಟಕಿಯ ಬೆಳಕಿಗೆ ಹಾಳೆಗಳನ್ನು ಹಿಡಿದು, ತೂತಿಗೆ ತೂತು ಹೊಂದಿಸಿದರೆ ಮೂಲ ಕ್ರಮ ಸಿಗುತ್ತಿತ್ತು. ಇಪ್ಪತ್ತಾರು ವರ್ಷ ಮಧ್ಯಾಹ್ನದ ಬಿಡುವನ್ನೆಲ್ಲ ಅವರು ಇದಕ್ಕೇ ತೆತ್ತರು. "ಅಣ್ಣಾ, ಹುಳ ಎಲ್ಲಾ ಮತಾನೂ ರುಚಿ ನೋಡಿದೆ. ನಮ್ಮ ಪ್ರೊಫೆಸರುಗಳಿಗಿಂತ ಅದೇ ವಾಸಿ," ಎಂದು ಟೈಪಿಸ್ಟ್ ಚುಡಾಯಿಸುತ್ತಿದ್ದರು. ಇದರ ನಡುವೆಯೇ, ನಲ್ಲಿ ಒಡೆದು ನೆನೆದುಹೋದ ಒಬ್ಬ ವಿದ್ಯಾರ್ಥಿನಿಯ ಪ್ರಬಂಧವನ್ನು ಮೂರು ದಿನ ಹಾಳೆ ಹಾಳೆಯಾಗಿ ಒಣಗಿಸಿ ಕಟ್ಟಿಕೊಟ್ಟವರೂ ಅವರೇ. ನಿವೃತ್ತಿಗೆ ವರ್ಷವಿರುವಾಗ ಹನ್ನೊಂದು ಪುಸ್ತಕಗಳು ಸರಿಹೋಗಿದ್ದವು. ಹನ್ನೊಂದರಲ್ಲೂ ಒಂದು ಮತದ ಪ್ರಶ್ನೆಗೆ ಮತ್ತೊಂದು ಮತದ ಗುರುವಿನ ಉತ್ತರವಿತ್ತು.

ಚರಿತ್ರೆಯ ಹೊಸ ಆವೃತ್ತಿ ಅಚ್ಚಿಗೆ ಹೋಗಲಿದೆಯೆಂದು ತಿಳಿದಾಗ, ಅವರು ಆ ಹನ್ನೊಂದನ್ನೂ ಹೊತ್ತುಕೊಂಡು ಈಗಿನ ನಿರ್ದೇಶಕರ ಕೊಠಡಿಗೆ ಹೋದರು.

"ಸರ್, ಆ ಸಾಲು ತಪ್ಪು. ತಪ್ಪು ಮಾಡಿದೋನು ನಾನು."

ನಿರ್ದೇಶಕರು ಎರಡು ಪುಸ್ತಕ ತಿರುವಿ ನೋಡಿದರು. "ಗೋಂದಣ್ಣ, ಇಷ್ಟು ವರ್ಷದಿಂದ ಎಲ್ರೂ ಅದನ್ನೇ ಓದ್ಕೊಂಡು ಬಂದಿದ್ದಾರೆ. ಈಗ ಗೋಡೆ ಒಡೆಯೋಕಾಗತ್ತಾ? ಹೋಗೋ ಹೊತ್ತಲ್ಲಿ ಯಾಕೆ ಹೆಸರು ಕೆಡಿಸ್ಕೋತೀರಿ?"

"ಗೋಡೆ ಇರ್ಲಿ ಸರ್. ಸಾಲು ತೆಗೀರಿ."

ಹೊಸ ಆವೃತ್ತಿ ಕಳೆದ ತಿಂಗಳು ಬಂದಿದೆ. ಸಾಲು ಹಾಗೆಯೇ ಇದೆ.

ಅಭಿನಂದನ ಗ್ರಂಥದ ಪ್ರಸ್ತಾಪಕ್ಕೆ ಅವರು ಮೂರು ಬಾರಿ ಬೇಡವೆಂದರು. ನಾಲ್ಕನೆಯ ಬಾರಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಒಳ್ಳೇದು ಎಷ್ಟು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ಹಾಳೆ ಅದಲುಬದಲು ಮಾಡಿದ್ದು ನಾನು ಅಂತ ಒಂದು ಕಡೆ ಅಚ್ಚಾಗ್ಬೇಕು. ಮುಂದೆ ಯಾರಾದ್ರೂ ಹುಡುಕಿದ್ರೆ ಸಿಗ್ಲಿ." ಅದನ್ನು ಬರೆಯಲು ಹಿರಿಯ ವಿದ್ವಾಂಸರು ಹಿಂಜರಿದದ್ದರಿಂದ, ಸಂಜೆ ಕಾಲೇಜಿನಲ್ಲಿ ಓದಿದ ಸಹೋದ್ಯೋಗಿಯೊಬ್ಬರ ಪಾಲಿಗೆ ಈ ಲೇಖನ ಬಂತು. ತೂಕ ತಪ್ಪಿದ್ದರೆ ಓದುಗರು ಮನ್ನಿಸಬೇಕು.

ಅವರ ಬಲಗಣ್ಣಿಗೆ ಪೊರೆ ಬಂದಿದೆ. ಮುಂದಿನ ತಿಂಗಳಿನಿಂದ ದಾಖಲೆ ಕೊಠಡಿಗೆ ಅವರು ಸಂದರ್ಶಕರ ಚೀಟಿ ಪಡೆದು, ವಾರಕ್ಕೆರಡು ದಿನ ಮಾತ್ರ ಬರಬಹುದು. ಇದುವರೆಗಿನ ವೇಗದಲ್ಲೇ ನಡೆದರೂ ಉಳಿದ ಇಪ್ಪತ್ತೊಂಬತ್ತು ಪುಸ್ತಕಗಳಿಗೆ ಅರವತ್ತೆಂಟು ವರ್ಷ ಹಿಡಿಯುತ್ತದೆ. ನೂರು ವರ್ಷ ಬಾಳಿ ಎಂದು ಹಾರೈಸುವುದು ವಾಡಿಕೆ. ಅವರಿಗೆ ಅದೂ ಸಾಲದು. ಆದ್ದರಿಂದ ಅವರ ಕೈ ನಡುಗದಿರಲಿ, ಎಡಗಣ್ಣಾದರೂ ತಿಳಿಯಾಗಿರಲಿ, ಹನ್ನೆರಡನೆಯ ಪುಸ್ತಕ ಮುಗಿಯಲಿ ಎಂದಷ್ಟೇ ಕೈಮುಗಿದು ಕೇಳಿಕೊಳ್ಳುತ್ತೇವೆ.