ಪಂಚಮಿಗೆ ಬಂದ ಟ್ರಯಲ್

ಆ ವರ್ಷದ ಪಂಚಮಿ ನೆನಪಾದರೆ ನನಗೆ ಮೊದಲು ಕೇಳಿಸುವುದು ಜೋಕಾಲಿಯ ಹಗ್ಗದ ಕಿರುಗುಟ್ಟುವಿಕೆಯಲ್ಲ, ನಮ್ಮ ಮನೆಯ ದೊಡ್ಡ ಕುಕ್ಕರಿನ ಸೀಟಿ. ಅದೂ ಅಡುಗೆಮನೆಯಿಂದಲ್ಲ, ನಮ್ಮೂರು ಜುಗೂಳದ ಸಮುದಾಯ ಭವನದಿಂದ. ಒಳಗೆ ಕುದಿಯುತ್ತಿದ್ದದ್ದು ಬೇಳೆಯೂ ಅಲ್ಲ. ಗರ್ಭಚೀಲದ ಬಾಯಿ ನೋಡಲು ಡಾಕ್ಟರರು ಬಳಸುವ ಸ್ಟೀಲಿನ ಸಲಕರಣೆಗಳು. ಅವನ್ನು ಕುದಿಸಲು ಅವರು ತಂದ ಯಂತ್ರ ನಮ್ಮ ಕಡೆಯ ವೋಲ್ಟೇಜಿಗೆ ಮೊದಲ ದಿನವೇ ಸುಟ್ಟುಹೋಗಿತ್ತು. ನಾನು ಕುಕ್ಕರ್ ಕಳಿಸಿದೆ. ಅದು ಮತ್ತೆ ನನ್ನ ಅಡುಗೆಮನೆಯ ಮುಖ ನೋಡಲಿಲ್ಲವೆನ್ನುವುದು ಬೇರೆ ಮಾತು.

"ಏನ್ ಬೇಯಾಕತ್ತೈತ್ರಿ ಬಾಯಾರ, ಮಡಕಿ ಕಾಳ?" ಎಂದು ಸಾಲಿನಲ್ಲಿ ಕೂತವಳೊಬ್ಬಳು ಕೇಳಿದಳು.

"ಉಣ್ಣೂದಲ್ಲ ಬಿಡವಾ," ಎಂದೆ.

"ಉಣ್ಣೂದಲ್ಲಂದ್ರ ಕುಕ್ಕರಿನ್ಯಾಗ ಯಾಕ ಇಟ್ಟೀರಿ? ಮತ್ತ ಆ ಬಾಟ್ಲಿ ವಾಸನಿ ಉಪ್ಪಿನಕಾಯಿದ್ದಂಗ ಐತಿ."

ವಾಸನೆ ಅವಳು ಸರಿಯಾಗಿಯೇ ಹಿಡಿದಿದ್ದಳು. ಅದು ವಿನೆಗರ್. ತೆಳುವಾಗಿ ಮಾಡಿ ಗರ್ಭಚೀಲದ ಬಾಯಿಗೆ ಹಚ್ಚಿ ಒಂದು ನಿಮಿಷ ಕಾದರೆ, ಕ್ಯಾನ್ಸರಿನ ಕಡೆಗೆ ಹೊರಟ ಜಾಗ ಬೆಳ್ಳಗೆ ಕಾಣುತ್ತದೆ. ದೊಡ್ಡ ಲ್ಯಾಬೊರೇಟರಿ ಬೇಡ, ನರ್ಸ್ ಕೂಡ ನೋಡಬಹುದು. ಇಷ್ಟು ಅಗ್ಗದ ಪರೀಕ್ಷೆಯಿಂದ ಹಳ್ಳಿಯ ಹೆಂಗಸರ ಜೀವ ನಿಜಕ್ಕೂ ಉಳಿಯುತ್ತದೆಯೇ ಎಂದು ತಿಳಿಯಲು ಮಹಾನಗರದ ಒಂದು ಆಸ್ಪತ್ರೆಯವರು ಟ್ರಯಲ್ ನಡೆಸಿದ್ದರು. ಹೊಳೆಗೆ ಮಹಾಪೂರ ಬಂದು ಹೋದ ಮೇಲಿನ ವರ್ಷಗಳು ಅವು.

ನನ್ನನ್ನು ಅದರೊಳಗೆ ಎಳೆದದ್ದು ನನ್ನ ಇಂಗ್ಲಿಷ್. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಗ್ರಾಮರ್, ನೀಡಲ್‌ವರ್ಕ್, ಮಾರಲ್ ಸೈನ್ಸ್ ಕಲಿಸಿ ನನ್ನನ್ನು ಪೂರ್ತಿ ತಯಾರು ಮಾಡಿದ್ದರು. ಆಮೇಲೆ ಮದುವೆಯಾಗಿ ಬಂದದ್ದು ಕಬ್ಬಿನ ಗದ್ದೆಗಳ ನಡುವಿನ ಈ ಮನೆಗೆ. ಇಲ್ಲಿ ಆ ಇಂಗ್ಲಿಷು ಔಷಧದ ಬಾಟಲಿಯ ಮೇಲಿನ ಚೀಟಿ ಓದಲು ಮಾತ್ರ ಉಪಯೋಗಕ್ಕೆ ಬಂತು. ಹೀಗಾಗಿ ಮುಂಬೈಯಿಂದ ಬಂದ ಆ ಎಳೆ ವಯಸ್ಸಿನ ಲೇಡಿ ಡಾಕ್ಟರ್ "ಆಂಟಿ, ನೀವು ಎಕ್ಸ್‌ಪ್ಲೇನ್ ಮಾಡ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನಾನು ಒಪ್ಪಿಗೆಗಾಗಿ ಕಾಯುವ ವಧುವಿನ ಹಾಗೆ ತಲೆ ಆಡಿಸಿಬಿಟ್ಟೆ. ಅವಳಿಗೆ ಮರಾಠಿ ಬರುತ್ತಿತ್ತು, ನಮ್ಮ ಹೆಂಗಸರಿಗೂ ಬರುತ್ತಿತ್ತು. ಆದರೆ ಮರಾಠಿಯಲ್ಲಿ ಹೂಂ ಅಂದು ಕನ್ನಡದಲ್ಲಿ ಎದ್ದು ಹೋಗುವುದು ನಮ್ಮವರಿಗೆ ಸಲೀಸು. ಅದಕ್ಕೇ ನಾನು ಬೇಕಾದೆ. ಡಾಕ್ಟರಿಗೆ ನಮ್ಮ ಮಾಳಿಗೆಯ ಕೋಣೆಯನ್ನೇ ಬಿಟ್ಟುಕೊಟ್ಟೆವು.

ಟ್ರಯಲ್ ಎಂದರೆ ನಿಯಮ. ಎಲ್ಲೋ ದೂರದ ಕಂಪ್ಯೂಟರೊಂದು ಚೀಟಿ ಎತ್ತಿದಂತೆ ಊರುಗಳನ್ನು ಎರಡು ಪಾಲು ಮಾಡಿತ್ತು. ಒಂದು ಪಾಲಿಗೆ ಪರೀಕ್ಷೆ. ಇನ್ನೊಂದು ಪಾಲಿಗೆ ಸದ್ಯಕ್ಕೆ ಬರೀ ಭಾಷಣ ಮತ್ತು ಚಿತ್ರಗಳಿದ್ದ ಚೀಟಿ. ಪರೀಕ್ಷೆಯಿಂದ ಲಾಭವಿದೆಯೆಂದು ಗೊತ್ತಾದರೆ ಅವರಿಗೆ ಮುಂದೆ. ನಮ್ಮೂರಿಗೆ ಪರೀಕ್ಷೆ ಬಂದಿತ್ತು. ನನ್ನ ನಾದಿನಿಯನ್ನು ಕೊಟ್ಟ ರಾಯಬಾಗದ ಕಡೆಯ ಊರಿಗೆ ಭಾಷಣ.

ಕಂಪ್ಯೂಟರಿಗೆ ಎಲ್ಲ ಗೊತ್ತಿತ್ತು, ಪಂಚಮಿಯೊಂದು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಬಂದು ಮನೆಮನೆಯ ಹೆಂಗಸರ ಹೆಸರು ಬರೆದುಕೊಂಡು ಹೋಗಿದ್ದರು. ಪರೀಕ್ಷೆಗೆ ಬಂದದ್ದು ಪಂಚಮಿಯ ವಾರ. ಆ ವಾರ, ನನ್ನಂಥ ಹಳಬರನ್ನು ಬಿಟ್ಟರೆ, ಊರಿನ ಸೊಸೆಯಂದಿರು ಒಬ್ಬರೂ ಊರಲ್ಲಿರುವುದಿಲ್ಲ. ಅವರವರ ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ದಿರುತ್ತಾರೆ. ಬದಲಿಗೆ ಊರು ತುಂಬ ಮಗಳಂದಿರು, ಅಥಣಿಗೆ ಕೊಟ್ಟವರು, ನಿಪ್ಪಾಣಿಗೆ ಕೊಟ್ಟವರು, ಚಿಕ್ಕೋಡಿಗೆ ಕೊಟ್ಟವರು. ಭವನದ ಮುಂದೆ ಉದ್ದನೆಯ ಸಾಲು ನೋಡಿ ಡಾಕ್ಟರಿಗೆ ಸಂತೋಷವೋ ಸಂತೋಷ. ಹೆಸರು ಕರೆಯಲು ಶುರು ಮಾಡಿದಾಗ ಒಬ್ಬಳೂ ಏಳಲಿಲ್ಲ.

"ಇವರೆಲ್ಲ ಈ ಊರಿನವರಲ್ವಾ ಆಂಟಿ?"

"ಈ ಊರಿನವರೇ. ಈಗ ಇಲ್ಲಿ ಇರೋದಿಲ್ಲ, ಅಷ್ಟೆ."

"ಮತ್ತೆ ಇಲ್ಲಿರೋರು?"

"ಅವರು ಬೇರೆ ಊರಿನವರು. ಈಗ ಅಲ್ಲಿದ್ದಾರೆ."

ಅವಳು ಪೆನ್ನಿನ ತುದಿ ಕಚ್ಚಿಕೊಂಡಳು. ಆಮೇಲೆ "ದಿಸ್ ಈಸ್ ಅ ಡಿಸಾಸ್ಟರ್," ಅಂದಳು, ಬಹಳ ಸಭ್ಯವಾಗಿ. ಬೇರೆ ಊರಿನ ಹೆಂಗಸರನ್ನು ಪರೀಕ್ಷೆ ಮಾಡಿದರೆ ಎರಡು ಪಾಲೂ ಕಲಸಿ ಹೋಗುತ್ತವೆ, ಕೊನೆಗೆ ಯಾವುದರಿಂದ ಯಾರಿಗೆ ಲಾಭವಾಯಿತೆಂದು ಹೇಳಲು ಬರುವುದಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಸಾಲು ಕೆರಳಿತು.

ಎಲ್ಲರಿಗಿಂತ ಜೋರಾಗಿ ಕೆರಳಿದವಳು ಮುಂದೆಯೇ ಕೂತಿದ್ದ ನನ್ನ ನಾದಿನಿ. ನನ್ನವರ ತಂಗಿ, ನನಗಿಂತ ಏಳೆಂಟು ವರ್ಷ ಸಣ್ಣವಳು. ನಾನು ಈ ಮನೆಗೆ ಬಂದಾಗ ಲಂಗ ಎತ್ತಿಕೊಂಡು ಪೇರಲ ಗಿಡ ಹತ್ತುತ್ತಿದ್ದಳು.

"ವೈನಿ, ಹೇಳ್ ಆಕಿಗಿ. ನಾ ಹುಟ್ಟಿದ್ದು ಇದ ಊರಾಗ. ನನ್ನ ಹೊಕ್ಕಳಬಳ್ಳಿ ಹುಗದದ್ದು ಇದ ಮಣ್ಣಾಗ. ನಾ ಹೆಂಗ ಬ್ಯಾರೆ ಊರಾಕಿ ಆದೆ?"

"ನಿಮ್ಮೂರಿನ್ಯಾಗೂ ಬಂದಿದ್ರಲ್ಲ ಬೇ?" ಎಂದೆ.

"ಬಂದಿದ್ರು. ಭಾಷಣ ಮಾಡಿ ಚಿತ್ರಾ ತೋರಿಸಿ ಹೋದ್ರು. ಬಾಯಿಪಾಠ ಆಗೇತಿ, ಹೇಳ್ಲೇನು? ಅತ್ತಿ ಮನಿಗಿ ಭಾಷಣ, ತವರಿಗಿ ಪರೀಕ್ಷಾ! ನನ್ನ ನಸೀಬನ ಇಷ್ಟ."

ಸಾಲೆಲ್ಲ ನಕ್ಕಿತು. ಡಾಕ್ಟರಿಗೆ ಪಾಪ ಅನ್ನಿಸಿತೋ ಏನೋ, ಮರಾಠಿಯಲ್ಲಿ ಕೇಳಿದಳು: ಏನಾದರೂ ತೊಂದರೆ ಇದೆಯಾ? ಬಿಳಿ ಹೋಗುವುದು? ಮುಟ್ಟು ನಿಂತ ಮೇಲೆ ರಕ್ತ ಕಾಣುವುದು? ಹಾಗಿದ್ದರೆ ನಿಯಮದ ಮಾತೇ ಬೇರೆ.

ನಾದಿನಿ ಸುತ್ತ ನೋಡಿದಳು. ಬಾಲ್ಯದ ಗೆಳತಿಯರು, ಓಣಿಯ ಚಿಕ್ಕವ್ವ ದೊಡ್ಡವ್ವಂದಿರು, ಎಲ್ಲರ ಕಿವಿ ಅವಳ ಬಾಯಿಯ ಮೇಲೆ. ಸೆರಗು ಸರಿಮಾಡಿಕೊಂಡು, "ಏನಿಲ್ರಿ. ಕಲ್ಲಿನಂಗ ಗಟ್ಟಿ ಅದೀನಿ," ಅಂದಳು. ಡಾಕ್ಟರ್ ಸಾರಿ ಅಂದಳು. ನಾದಿನಿ ಎದ್ದು ಮನೆಗೆ ಬಂದು ಶೇಂಗಾ ಉಂಡಿ ಕಟ್ಟಲು ಕೂತಳು.

ಮರುದಿನ ಹುತ್ತಕ್ಕೆ ಹಾಲೆರೆಯುವ ದಿನ. ಹಬ್ಬವೆಂದು ಪರೀಕ್ಷೆ ಬಂದ್ ಆಗಿತ್ತು, ಡಾಕ್ಟರ್ ಮಾಳಿಗೆಯಲ್ಲಿ ಕೂತು ನಮ್ಮ ಉಂಡಿಗಳ ಮೇಲೆ ಸಂಶೋಧನೆ ನಡೆಸಿದ್ದಳು. ನಾವೆಲ್ಲ ಮಡಿಯುಟ್ಟು, ಹಾಲಿನ ಬಟ್ಟಲು, ಅರಳು ಹಿಡಿದು ಹೊರಟೆವು. ನಾದಿನಿ ಬರಲಿಲ್ಲ. ಹಿತ್ತಲ ಪಡಸಾಲೆಯ ಮೂಲೆಯಲ್ಲಿ ಒಂಟಿ ಚಾಪೆ ಹಾಸಿಕೊಂಡು, ನೀರಿನ ತಂಬಿಗೆ ಬೇರೆ ಇಟ್ಟುಕೊಂಡು ಕೂತಿದ್ದಳು.

"ಯಾಕವಾ, ಹೊರಗ ಕುಂತಿ?" ನಮ್ಮತ್ತೆ ಕೇಳಿದರು. ಅವರಿಗೆ ಆಗಲೇ ಕಣ್ಣು ಮಂಜು.

"ಹೊರಗಾಗೀನಿ ಯವ್ವಾ. ನೀವ್ ಹೋಗಿ ಬರ್ರಿ."

ಅತ್ತೆ ಹೂಂ ಅಂದು ಮುಂದೆ ನಡೆದರು. ನನ್ನ ಕಾಲು ಮಾತ್ರ ಅಲ್ಲೇ ನಿಂತಿತು. ಅವಳ ಮುಟ್ಟು ನಿಂತು ವರ್ಷಗಳಾಗಿದ್ದವು. ಮಗಳ ಮದುವೆಯಲ್ಲಿ "ನನಗಿನ್ನ ಆ ಕಾಟ ಇಲ್ಲ ವೈನಿ, ನಾನ ರಾಣಿ" ಎಂದು ಹಂದರದ ತುಂಬ ಓಡಾಡಿದ್ದಳು. ಹಿಂದಿನ ದಿನವಿಡೀ ಆ ಚಿತ್ರದ ಚೀಟಿಯನ್ನು ಸಾಲಿಗೆ ಕನ್ನಡದಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು: ನಿಂತ ಮುಟ್ಟು ಮತ್ತೆ ಕಂಡರೆ ಅದು ಮುಟ್ಟಲ್ಲ, ತಡ ಮಾಡಬೇಡಿರಿ.

ಹಾಲಿನ ಬಟ್ಟಲು ಕಟ್ಟೆಯ ಮೇಲಿಟ್ಟು ಅವಳ ಚಾಪೆಯ ಮೇಲೇ ಕೂತೆ.

"ಮುಟ್ಟಬ್ಯಾಡ ವೈನಿ, ಮಡಿ ಉಟ್ಟೀದಿ!"

"ಎಂದಿನಿಂದ?"

"ಬ್ಯಾಸಿಗಿಯಿಂದ. ಒಮ್ಮೊಮ್ಮೆ. ಈಗೀಗ ಜಾಸ್ತಿ."

"ನಿನ್ನೆ ಡಾಕ್ಟರ್ ಬಾಯಿ ಬಿಟ್ಟು ಕೇಳಿದಳಲ್ಲ! ಹೂಂ ಅಂದಿದ್ದರೆ ಆಗಲೇ ನೋಡುತ್ತಿದ್ದಳು."

"ಊರ ಮಂದಿ ಎಲ್ಲಾ ಕುಂತಿದ್ರು. ತವರಿನ್ಯಾಗ ಕುಂತು ನನಗ ಹಿಂಗ್ಹಿಂಗ ಅಂದ್ರ, ಇಕಿನ್ನ ಅತ್ತಿ ಮನ್ಯಾಗ ಛಂದ ನೋಡ್ಕೊಳ್ಳಂಗಿಲ್ಲ ಅಂತಾರ. ಅಣ್ಣ ಹೋಗಿ ಅವರ ಜೋಡಿ ಜಗಳಾ ತಗೀತಾನ. ಸಾಲಿನಾಗ ಎಲ್ಲಾರ ಜೋಡಿ ಹೋಗಿ ಸುಮ್ಕ ತೋರಿಸ್ಕೊಂಡು ಬರೂಣು ಅಂತಿದ್ದೆ. ಆಕಿ ಒಳಗ ಬಿಟ್ರ ಹೌದಿಲ್ಲೋ?"

"ಮತ್ತೆ ಇವತ್ತು ಹೊರಗೆ ಯಾಕೆ ಕೂತಿ? ಹಾಗೇ ಹುತ್ತಕ್ಕೆ ಬರಬೇಕಿತ್ತು."

ಅವಳು ನನ್ನನ್ನು ಕಾನ್ವೆಂಟಿನಿಂದ ಇವತ್ತೇ ಇಳಿದು ಬಂದವಳ ಹಾಗೆ ನೋಡಿದಳು. "ಡಾಕ್ಟರಿಗಿ ಹೇಳಬೌದು ವೈನಿ. ನಾಗಪ್ಪಗ ಸುಳ್ಳ ಹೇಳಾಕ ಬರತೈತೇನು?"

ಈ ಹೊರಗೆ ಕೂರುವ ಪದ್ಧತಿಯನ್ನು ನಾನು ಮದುವೆಯಾದ ದಿನದಿಂದ ಸೂಪರ್‌ಸ್ಟಿಶನ್ ಎಂದು ಬೈದುಕೊಂಡು ಬಂದವಳು. ಈಗಲೂ ಬೈಯುತ್ತೇನೆ. ಆದರೆ ಅಷ್ಟು ದೊಡ್ಡ ಟ್ರಯಲ್ ಕೈಬಿಟ್ಟ ಪೇಶಂಟನ್ನು ಆ ದಿನ ಹಿಡಿದುಕೊಟ್ಟದ್ದು ಒಂದು ಹುತ್ತ.

ಮಾಳಿಗೆ ಹತ್ತಿ ಡಾಕ್ಟರಿಗೆ ಹೇಳಿದೆ. ಕೈಯಲ್ಲಿದ್ದ ಉಂಡಿಯನ್ನು ಅವಳು ತಟ್ಟೆಗೆ ಇಟ್ಟಳು. "ಬ್ಲೀಡಿಂಗ್? ಹಾಗಾದ್ರೆ ಅವರು ಯಾವ ಪಾಲಿಗೂ ಸೇರೋದಿಲ್ಲ ಆಂಟಿ. ಷಿ ಈಸ್ ಮೈ ಪೇಶಂಟ್." ಬೀಗ ಹಾಕಿದ್ದ ಭವನ ತೆಗೆಸಿದಳು. ಊರೆಲ್ಲ ಹುತ್ತದ ಹತ್ತಿರ ಇದ್ದಾಗ ನಮ್ಮ ಕುಕ್ಕರ್ ನನ್ನ ನಾದಿನಿ ಒಬ್ಬಳಿಗೋಸ್ಕರ ಸೀಟಿ ಹೊಡೆಯಿತು. ವಿನೆಗರ್ ಬಾಟಲಿಯ ಮುಚ್ಚಳ ತೆಗೆಯಬೇಕಾಗಲಿಲ್ಲ. ಗಡ್ಡೆ ಬರಿಗಣ್ಣಿಗೇ ಕಾಣುವಂತಿತ್ತು.

ಮಿರಜದ ದೊಡ್ಡ ಆಸ್ಪತ್ರೆಯಲ್ಲಿ ತುಣುಕು ತೆಗೆದು ನೋಡಿ ಕ್ಯಾನ್ಸರ್ ಎಂದರು. ಅವಳ ಗಂಡ, ಒಳ್ಳೆಯ ಮನುಷ್ಯನೇ, ದ್ರಾಕ್ಷಿ ತೋಟದ ರೋಗಗಳೆಲ್ಲ ಬಾಯಿಪಾಠ ಇದ್ದವನು, ಕೇಳಿದ ಕೂಡಲೇ ನಿರ್ಧಾರ ಹೇಳಿಬಿಟ್ಟ. "ಅದಕ್ಕೇನು ಅಷ್ಟ್ ದೂರ ಹೋಗೂದು? ಚೀಲ ತಗಸಿದ್ರ ಮುಗೀತು. ನಮ್ಮ ಓಣ್ಯಾಗ ಯಾರ್ ತಗಸಿಲ್ಲ ಹೇಳ್ರಿ." ಅದೂ ಸುಳ್ಳಲ್ಲ. ನಮ್ಮ ಕಡೆ ಸೊಂಟ ನೋವಿಗೂ ಗರ್ಭಚೀಲ ತೆಗೆಸುತ್ತಿದ್ದರು.

ಡಾಕ್ಟರ್ ಫೋನಿನಲ್ಲಿ ಅವನಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದಳು. ರೋಗ ಚೀಲದ ಬಾಯಿ ದಾಟಿ ಸುತ್ತ ಹಬ್ಬಿದೆ, ಬರೀ ಚೀಲ ತೆಗೆದರೆ ಬೇರು ಅಲ್ಲೇ ಉಳಿಯುತ್ತದೆ, ಆಮೇಲೆ ಕೊಡುವ ಚಿಕಿತ್ಸೆಗೂ ಅಡ್ಡಿ. ರೇಡಿಯೇಶನ್ನೇ ಬೇಕು, ವಾರಕ್ಕೊಮ್ಮೆ ಕೀಮೋ ಸಲೈನ್. ಅವನು "ಹೋ, ಹೋ" ಎಂದು ಮರಾಠಿಯಲ್ಲೇ ಒಪ್ಪಿದಂತೆ ಮಾಡಿ ಫೋನ್ ಇಟ್ಟು, ನನ್ನ ಕಡೆ ತಿರುಗಿ, "ಹುಡುಗಿ ಭಾಳ ಸಣ್ಣಾಕಿ ಐತ್ರಿ ವೈನಿ, ಆಕಿ ಮಾತ್ ಕೇಳೂದ?" ಅಂದ. ನಾದಿನಿ ಕೂತಲ್ಲಿಂದಲೇ ತೀರ್ಪು ಕೊಟ್ಟಳು: "ನಿಮ್ಮ ದ್ರಾಕ್ಷಿಗಿ ಔಷಧ ಹೊಡೀ ಅಂತ ಹೇಳಾಂವ ಆಕಿಕಿಂತ ಸಣ್ಣಾಂವ ಅದಾನ. ಅವನ ಮಾತ ಕೇಳ್ತೀರಿ."

ಪಂಚಮಿಗೆ ಬಂದವಳು ದೀಪಾವಳಿವರೆಗೆ ತವರಿನಲ್ಲೇ ಉಳಿದಳು. ಮಿರಜಕ್ಕೆ ಇಲ್ಲಿಂದಲೇ ಓಡಾಟ. ಓಣಿಯವರಿಗೆ ಏನೂ ಹೇಳಲಿಲ್ಲ, ಹೀಗಾಗಿ ಎಲ್ಲರಿಗೂ ಗೊತ್ತಿತ್ತು. ವಾಂತಿ, ಭೇದಿ, ಉರಿ, ಊಟದ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ರೇಡಿಯೇಶನ್ ಅವಳ ಬಾಯಲ್ಲಿ ಕರೆಂಟ್ ಆಗಿತ್ತು. "ಈ ಕರೆಂಟ್ ಕೊಡೂಕಿಂತ ನಿಮ್ಮ ಮಿಕ್ಸರಿನ್ಯಾಗ ಹಾಕಿದ್ರ ಚಲೋ ಇತ್ತ," ಎನ್ನುತ್ತಿದ್ದಳು. ಕೊನೆಯ ತಪಾಸಣೆಯ ದಿನ ಡಾಕ್ಟರರು ಗಡ್ಡೆ ಕರಗಿದೆ ಎಂದಾಗ ಅವಳು ಮೊದಲು ಕೇಳಿದ್ದು, ಈ ವರ್ಷ ತಪ್ಪಿದ ಹಾಲನ್ನು ಬರುವ ವರ್ಷ ಸೇರಿಸಿ ಎರೆಯಬಹುದೇ ಎಂದು.

ಕೆಲವು ವರ್ಷಗಳ ಮೇಲೆ ಆ ಎಳೆ ಡಾಕ್ಟರ್, ಈಗ ಅಷ್ಟು ಎಳೆಯವಳಲ್ಲ, ಮತ್ತೆ ಬಂದಳು. ನಮ್ಮ ಊರುಗಳ ಲೆಕ್ಕ ಮುಗಿದಿತ್ತು. ನಾದಿನಿ ಅವಳಿಗೆ ಉಡಿ ತುಂಬಿ, ಅಕ್ಕಿ ಕೊಬ್ಬರಿ ಕುಪ್ಪಸದ ಕಣ ಹಿಡಿಯಲು ದುಪಟ್ಟಾ ಹೇಗೆ ಚಾಚಬೇಕೆಂದು ಕಲಿಸಿ, "ನನ್ನ ಹೆಸರು ಯಾವ ಪಾಲಿನ್ಯಾಗ ಬರೆದ್ರಿ?" ಎಂದು ಕೇಳಿದಳು.

"ಎರಡರಲ್ಲೂ ಇಲ್ಲ," ನಾನು ಹೇಳಿದೆ. "ನಿನ್ನನ್ನು ಲೆಕ್ಕದಿಂದ ಹೊರಗೆ ಇಟ್ಟಿದ್ದಾರೆ."

"ಅಲ್ಲೂ ಹೊರಗ ಕುಂದರಿಸಿದ್ರಾ?" ಅಂದಳು. ಅವಳು ನಕ್ಕದ್ದು ನೋಡಿ ಡಾಕ್ಟರೂ ನಕ್ಕಳು, ಅರ್ಥವಾಗದೆ. ಅದನ್ನು ಇಂಗ್ಲಿಷಿಗೆ ತರಲು ನನಗೆ ಸಾಧ್ಯವಾಗಲಿಲ್ಲ.

ಆಮೇಲೆ ನಾದಿನಿ ಪ್ರತಿ ಪಂಚಮಿಗೆ ಬಂದಳು. ಒಂದು ಚಳಿಗಾಲ ನಿದ್ದೆಯಲ್ಲೇ ಹೋದಳು, ಹೃದಯ ನಿಂತು. "ಅದರಿಂದ ಅಲ್ರೀ, ಹಾರ್ಟು," ಎಂದು ಅವಳ ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ದುಃಖದಲ್ಲೂ ಅವನ ದನಿಯಲ್ಲಿ ಕೊಂಚ ಹೆಮ್ಮೆಯಿತ್ತು. ಅದಕ್ಕಾಗಿ ಅವನ ಮೇಲೆ ನನಗೆ ಪ್ರೀತಿ ಹುಟ್ಟಿತು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮುಂಚಿನ ಶ್ರಾವಣದಲ್ಲಿ. ನನಗೆ ಮೊಣಕಾಲು ನೋವು, ಹಿತ್ತಲ ಪಡಸಾಲೆಯಲ್ಲೇ ಕೂತಿದ್ದೆ. ಅವಳು ಒದ್ದೆ ಕೂದಲಿನ ಮೇಲೆ ಸೆರಗು ಹೊದ್ದು, ಹಾಲಿನ ಬಟ್ಟಲು ಎರಡೂ ಕೈಯಲ್ಲಿ ಹಿಡಿದು, ಹುತ್ತದ ಕಡೆ ಹೊರಟಿದ್ದಳು. ಬೇಲಿಯ ಹತ್ತಿರ ತಿರುಗಿ, "ವೈನಿ, ಈ ಸಲ ನೀ ಹೊರಗ ಕುಂತೀ ನೋಡ!" ಎಂದು ಕೂಗಿ, ಹಾಲು ತುಳುಕದ ಹಾಗೆ ಸಣ್ಣ ಹೆಜ್ಜೆ ಇಡುತ್ತ ಕಬ್ಬಿನ ಮರೆಗೆ ಹೋದಳು.